ಕಲ್ಲಿದ್ದಲಿನ ಜಾಗಕ್ಕೆ ಅಣು ವಿದ್ಯುತ್ ಬರುತ್ತದಾ?

ವಿದ್ಯುತ್ತಿನ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ: ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚಿ, ಕೈಗಾದಂಥ ಅಣುಸ್ಥಾವರಗಳನ್ನೇ ಇನ್ನಷ್ಟು ಕಟ್ಟಿದರೆ ಆಗದೇ?

ಹಗಲೂ ರಾತ್ರಿ ಒಂದೇ ಸಮನೆ ಉರಿಯುವ ಕಲ್ಲಿದ್ದಲಿನ ಜಾಗಕ್ಕೆ ಅಣು ವಿದ್ಯುತ್ ಬರುತ್ತದೆ, ಬರಲೇಬೇಕು. ಮಧ್ಯಾಹ್ನ ತಗ್ಗಿ ಸಂಜೆ ಏರುವ ಕಲ್ಲಿದ್ದಲಿನ ಜಾಗಕ್ಕೆ ಬರುವುದಿಲ್ಲ. ಈ ವ್ಯತ್ಯಾಸ ಹಿಡಿಯದೆ ವಾದಕ್ಕೆ ಕೂತರೆ ಎರಡೂ ಕಡೆಯವರು ಬೇರೆ ಬೇರೆ ವಿಷಯ ಮಾತಾಡಿ ಎದ್ದುಹೋಗುತ್ತಾರೆ.

ಮೊದಲು ಇಂಧನವನ್ನೇ ನೋಡೋಣ. ಕೈಗಾದ 220 ಮೆಗಾವಾಟ್ ರಿಯಾಕ್ಟರಿಗೆ ಹಾಕುವ ಬಂಡಲ್ ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್ ದಪ್ಪ, ಸುಮಾರು 16 ಕಿಲೋ ತೂಕ. ಜಿರ್ಕೋನಿಯಂ ಮಿಶ್ರಲೋಹದ 19 ತೆಳು ಕೊಳವೆಗಳಲ್ಲಿ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳನ್ನು ತುಂಬಿ, ಎರಡೂ ತುದಿ ಮುಚ್ಚಿ ಕಟ್ಟಿದ ಸೌದೆಹೊರೆಯಂತಿರುತ್ತದೆ. ಹೈದರಾಬಾದಿನ ಕಾರ್ಖಾನೆಯಿಂದ ಬಂದ ಹೊಸ ಬಂಡಲನ್ನು ಕೈಗವಸು ಹಾಕಿಕೊಂಡು ಎತ್ತಿಡಬಹುದು. ಒಳಗೆ ಹೋಗಿ ಬಂದದ್ದರ ಹತ್ತಿರ ಮಾತ್ರ ಯಾರೂ ನಿಲ್ಲುವಂತಿಲ್ಲ. ರಿಯಾಕ್ಟರಿನಲ್ಲಿ ಅಡ್ಡಡ್ಡ ಮಲಗಿದ 306 ನಾಳಗಳು, ಒಂದೊಂದರಲ್ಲಿ 12 ಬಂಡಲು. ಸ್ಥಾವರ ನಡೆಯುತ್ತಿರುವಾಗಲೇ ಯಂತ್ರವೊಂದು ಒಂದು ತುದಿಯಿಂದ ಹೊಸ ಬಂಡಲುಗಳನ್ನು ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತದೆ. ಪೂರ್ಣ ಶಕ್ತಿಯಲ್ಲಿ ಓಡುವ ಘಟಕಕ್ಕೆ ದಿನಕ್ಕೆ ಹೆಚ್ಚುಕಡಿಮೆ ಎಂಟು ಬಂಡಲು ಬೇಕು.

ಒಂದು ಬಂಡಲಿನಿಂದ ಸಿಗುವುದು ಸುಮಾರು 6.5 ಲಕ್ಷ ಯುನಿಟ್. ಅಷ್ಟಕ್ಕೆ ಶಾಖೋತ್ಪನ್ನ ಕೇಂದ್ರದಲ್ಲಿ, ಯುನಿಟ್ಟಿಗೆ 650ರಿಂದ 700 ಗ್ರಾಂ ಲೆಕ್ಕದಲ್ಲಿ, 430 ಟನ್ ಆಸುಪಾಸು ಕಲ್ಲಿದ್ದಲು ಸುಡಬೇಕು: ಏಳು ರೈಲ್ವೆ ವ್ಯಾಗನ್. ಅದರ ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. 1,720 ಮೆಗಾವಾಟಿನ ರಾಯಚೂರು ಕೇಂದ್ರ ಪೂರ್ತಿ ಓಡಿದರೆ ದಿನಕ್ಕೆ 27 ಸಾವಿರ ಟನ್, ಅಂದರೆ ಏಳು ರೇಕ್ (ಒಂದು ರೇಕ್ ಎಂದರೆ ಪೂರ್ತಿ ಒಂದು ಗೂಡ್ಸ್ ರೈಲು) ಕಲ್ಲಿದ್ದಲು ಹೊರರಾಜ್ಯದಿಂದ ಬಂದಿಳಿಯಬೇಕು. ಮಳೆಗಾಲದಲ್ಲಿ ಗಣಿಗೆ ನೀರು ನುಗ್ಗಿದರೆ, ಒದ್ದೆ ಕಲ್ಲಿದ್ದಲು ಪುಡಿಮಾಡುವ ಮಿಲ್ಲಿನಲ್ಲಿ ಕಟ್ಟಿಕೊಂಡರೆ, ಇಲ್ಲಿ ಘಟಕ ನಿಲ್ಲುತ್ತದೆ. ಕೈಗಾದ ಮೊದಲ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಅಂದಿಗೆ ಅದು ವಿಶ್ವದಾಖಲೆ.

ಆದರೆ ಬಂಡಲಿನ ತೂಕ ತೋರಿಸಿ ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ಜಾರ್ಖಂಡಿನ ಜಾದೂಗುಡದಂಥ ಗಣಿಗಳಲ್ಲಿ ಒಂದು ಟನ್ ಕಲ್ಲಿಗೆ ಸಿಗುವುದು ಅರ್ಧ ಕಿಲೋ ಚಿಲ್ಲರೆ ಯುರೇನಿಯಂ. ಒಂದು ಬಂಡಲಿನ ಹಿಂದೆ 25-30 ಟನ್ ಅಗೆದ ಕಲ್ಲಿದೆ, ವಿಕಿರಣ ಸೂಸುವ ರೇಡಿಯಂ ಉಳಿದ ಹೂಳು ಗಣಿಯ ಪಕ್ಕದ ಕೊಳದಲ್ಲಿ ನಿಲ್ಲುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯ ಜನ ಗಣಿ ಬೇಡ ಎನ್ನುವಾಗ ಅವರ ಕಣ್ಣ ಮುಂದಿರುವುದು ಈ ಹೂಳು. ಅವರನ್ನು ಅಭಿವೃದ್ಧಿಯ ವಿರೋಧಿಗಳು ಎನ್ನುವವರು ಒಮ್ಮೆ ಈ ಲೆಕ್ಕ ಮಾಡಬೇಕು.

‘ಸ್ಥಾವರ ಬಾಂಬಿನಂತೆ ಸಿಡಿದರೆ?’ ಎಂಬ ಭಯಕ್ಕೆ ಆಧಾರವಿಲ್ಲ. ಬಾಂಬಿನ ಯುರೇನಿಯಮಿನಲ್ಲಿ ಸುಲಭವಾಗಿ ಒಡೆಯುವ ಬಗೆಯಾದ ಯುರೇನಿಯಂ-235 ಶೇ. 90ರಷ್ಟು ಇರಬೇಕು, ಕೈಗಾದ ಬಂಡಲಿನಲ್ಲಿ ಅದು ಶೇ. 0.7. ಭಯಪಡಬೇಕಾದದ್ದು ಇನ್ನೊಂದಕ್ಕೆ. ಅಣು ಒಡೆಯುವ ಕ್ರಿಯೆ ನಿಲ್ಲಿಸಿದರೂ, ಒಡೆದ ಚೂರುಗಳು ಕ್ಷಯಿಸುತ್ತಲೇ ಇರುವುದರಿಂದ ಬಿಸಿ ನಿಲ್ಲುವುದಿಲ್ಲ. 220 ಮೆಗಾವಾಟ್ ವಿದ್ಯುತ್ ಕೊಡುವ ರಿಯಾಕ್ಟರಿನ ಶಾಖ ಸುಮಾರು 750 ಮೆಗಾವಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ. 6-7 ಉಳಿದಿರುತ್ತದೆ, ಅಂದರೆ 50 ಮೆಗಾವಾಟ್. ಒಂದು ದಿನ ಕಳೆದ ಮೇಲೂ ಸುಮಾರು 4 ಮೆಗಾವಾಟ್. ಅಷ್ಟು ಬಿಸಿ ಗಂಟೆಗೆ ಒಂದು ಟ್ಯಾಂಕರ್ ನೀರನ್ನು ಕುದಿಸಿ ಆವಿ ಮಾಡಬಲ್ಲದು. ಆ ಟ್ಯಾಂಕರಿನಷ್ಟು ನೀರು ಗಂಟೆಗಂಟೆಗೂ ತಪ್ಪದೆ ಸಿಗಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪಕ್ಕೆ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಪಂಪು ನಿಂತಿತು, ಅನಾಹುತವಾಯಿತು.

ನಮ್ಮಲ್ಲೇ 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು, ಜಲಜನಕ ಸೋರಿ ಬೆಂಕಿ ಹತ್ತಿ, ಕೇಬಲ್ಲುಗಳೆಲ್ಲ ಸುಟ್ಟು ಇಡೀ ಘಟಕ 17 ಗಂಟೆ ಕತ್ತಲಲ್ಲಿತ್ತು. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದಲೇ ಆವಿ ಉತ್ಪಾದಕಗಳಿಗೆ ನೀರು ಹಾಯಿಸಿದರು. ಆ ಉತ್ಪಾದಕಗಳು ರಿಯಾಕ್ಟರಿಗಿಂತ ಎತ್ತರದಲ್ಲಿರುವುದರಿಂದ ರಿಯಾಕ್ಟರಿನ ಶಾಖ ಹೊರುವ ಭಾರಜಲ (ಭಾರವಾದ ಬಗೆಯ ಜಲಜನಕವಿರುವ ನೀರು) ಬಿಸಿಯಾಗಿ ತಾನಾಗಿ ಮೇಲೇರಿ, ತಣಿದು ಕೆಳಗಿಳಿಯುತ್ತಿತ್ತು. ವಿಕಿರಣ ಹೊರಬರಲಿಲ್ಲ. ಆದ್ದರಿಂದ ಯಾವುದೇ ಹೊಸ ಸ್ಥಾವರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ವಿದ್ಯುತ್ತೇ ಇಲ್ಲದಿದ್ದಾಗ ನೀರು ಎಲ್ಲಿಂದ, ಯಾವ ಪಂಪಿನಿಂದ, ಎಷ್ಟು ದಿನ?

ಇನ್ನು ಸಂಜೆಯ ವಿಷಯ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟ್. ಹಗಲು ಅದು ಏರಿದಾಗ ಕಲ್ಲಿದ್ದಲು ಘಟಕಗಳನ್ನು ತಗ್ಗಿಸುತ್ತಾರೆ, ಸೂರ್ಯ ಮುಳುಗಿದಾಗ ಏರಿಸುತ್ತಾರೆ. ನಮ್ಮ ಭಾರಜಲ ರಿಯಾಕ್ಟರುಗಳಿಗೆ ಈ ಆಟ ಒಗ್ಗುವುದಿಲ್ಲ. ಶಕ್ತಿ ಇಳಿಸಿದರೆ, ಅಣು ಒಡೆದಾಗ ಹುಟ್ಟಿದ ಅಯೋಡಿನ್-135 ಕ್ಷಯಿಸಿ ಕ್ಸೆನಾನ್-135 ಆಗುತ್ತ ಹೋಗುತ್ತದೆ. ಅಣು ಒಡೆಯುವ ಕ್ರಿಯೆಯನ್ನು ಮುಂದುವರಿಸುವ ನ್ಯೂಟ್ರಾನುಗಳನ್ನು ಈ ಕ್ಸೆನಾನ್ ನುಂಗುತ್ತದೆ. ಪೂರ್ತಿ ನಿಲ್ಲಿಸಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಮತ್ತೆ ಶುರುಮಾಡಬೇಕು. ತಪ್ಪಿದರೆ ಆ ವಿಷ ಕರಗುವವರೆಗೆ ಸುಮಾರು ಒಂದೂವರೆ ದಿನ ಕಾಯಬೇಕು. ನೈಸರ್ಗಿಕ ಯುರೇನಿಯಂ ಬಳಸುವುದರಿಂದ ಅದನ್ನು ಮೀರಿಸುವಷ್ಟು ಹೆಚ್ಚುವರಿ ಶಕ್ತಿ ಒಳಗಿರುವುದಿಲ್ಲ. ಹಾಗಾಗಿ ಏರಿಳಿತಕ್ಕೆ ಶರಾವತಿ, ವಾರಾಹಿಯ ಜಲವಿದ್ಯುತ್ ಮತ್ತು ಬ್ಯಾಟರಿ ಬೇಕು, ತಳದ ಸ್ಥಿರ ಹೊರೆಗೆ ಅಣು ವಿದ್ಯುತ್.

ಬಳಸಿದ ಬಂಡಲುಗಳನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು, ಆಮೇಲೆ ಸಂಸ್ಕರಿಸಿ, ಉಳಿಕೆಯನ್ನು ಗಾಜಿನೊಳಗೆ ಕರಗಿಸಿಡುತ್ತಾರೆ. ಆಳದಲ್ಲಿ ಶಾಶ್ವತವಾಗಿ ಹೂಳುವ ಜಾಗ ದೇಶದಲ್ಲಿ ಇನ್ನೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸಾವಿರ ಮೀಟರ್ ಕೆಳಗೆ ಹೀಟರ್ ಇಟ್ಟು ಬಂಡೆ ಬಿಸಿಗೆ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಿದ್ದುಂಟು, ತ್ಯಾಜ್ಯವನ್ನೇನೂ ಇಟ್ಟಿರಲಿಲ್ಲ. ಪ್ರಮಾಣ ಚಿಕ್ಕದು, ಆದರೆ ಕೆಲಸ ಬಾಕಿಯಿದೆ.

ನನ್ನ ಮಟ್ಟಿಗೆ ನಿಜವಾದ ಅಡ್ಡಿ ಕಟ್ಟುವ ವರ್ಷಗಳು. ಕೈಗಾದ ಮೂರನೇ ಘಟಕಕ್ಕೆ 2002ರ ಮಾರ್ಚ್‌ನಲ್ಲಿ ಕಾಂಕ್ರೀಟ್ ಬಿತ್ತು, 2007ರ ಮೇ ತಿಂಗಳಲ್ಲಿ ವಿದ್ಯುತ್ ಮಾರಾಟ ಶುರುವಾಯಿತು. ಗುಜರಾತಿನ ಕಾಕ್ರಾಪಾರದ 700 ಮೆಗಾವಾಟಿನ ಮೊದಲ ಘಟಕಕ್ಕೆ 2010ರ ನವೆಂಬರ್‌ನಲ್ಲಿ ಕಾಂಕ್ರೀಟ್ ಹಾಕಿದರೆ, ಮಾರಾಟ ಶುರುವಾದದ್ದು 2023ರ ಜೂನ್‌ನಲ್ಲಿ. ಹನ್ನೆರಡೂವರೆ ವರ್ಷ! ಅಣು ವಿದ್ಯುತ್ತಿನಲ್ಲಿ ಇಂಧನ ಅಗ್ಗ, ಕಟ್ಟಡ ದುಬಾರಿ. ಹತ್ತು 700 ಮೆಗಾವಾಟ್ ಘಟಕಗಳಿಗೆ 2017ರಲ್ಲಿ ಮಂಜೂರಾದದ್ದು 1.05 ಲಕ್ಷ ಕೋಟಿ ರೂಪಾಯಿ, ಮೆಗಾವಾಟಿಗೆ 15 ಕೋಟಿ. ತಡವಾದ ಪ್ರತಿ ವರ್ಷದ ಬಡ್ಡಿ ನಾವು ಕೊಡುವ ಯುನಿಟ್ ದರಕ್ಕೆ ಸೇರುತ್ತದೆ.

ಆ ಹತ್ತರಲ್ಲಿ ಎರಡು ಕೈಗಾದ ಐದು ಮತ್ತು ಆರನೇ ಘಟಕಗಳು. ಎರಡೂ ಸೇರಿ ವರ್ಷಕ್ಕೆ ಸುಮಾರು ಸಾವಿರ ಕೋಟಿ ಯುನಿಟ್ ಕೊಡಬಲ್ಲವು. ಅವು ಒಂದು ವರ್ಷ ತಡವಾದರೆ, ಅಷ್ಟೇ ವಿದ್ಯುತ್ತಿಗೆ 65 ಲಕ್ಷ ಟನ್ನಿಗೂ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ: ಸುಮಾರು 1,700 ರೇಕ್, ಅದರ ಬೂದಿ, ಅದರ ಹೊಗೆ.