ಮೋಟರ್ ನಿಂತ ಮೇಲೆ

ಮಾರ್ಚ್ ಮೊದಲ ವಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟದಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತಿತ್ತು. ಅಪ್ಪ ಕೆಳಗೆ ಕೆರೆ ದಂಡೆಯಲ್ಲಿ, ಡೀಸೆಲ್ ಮೋಟರ್ ಪಕ್ಕ. ನಾನು ಮೇಲೆ ಬಾಣೆಯಲ್ಲಿ, ಅಂದರೆ ತೋಟದ ಎತ್ತರದ ಜಾಗದಲ್ಲಿ. ಇದ್ದಕ್ಕಿದ್ದಂತೆ ಪೈಪಿನ ಜಾಯಿಂಟ್ ಕಳಚಿಕೊಂಡಿತು. ನೀರು ಚಿಮ್ಮಿ ಗಿಡದ ಬುಡದ ಮಣ್ಣನ್ನೇ ಕೊಚ್ಚತೊಡಗಿತು. "ಅಪ್ಪಾ, ಮೋಟರ್ ನಿಲ್ಲಿಸಿ!" ಗಂಟಲು ಹರಿಯುವಷ್ಟು ಕೂಗಿದೆ. ಮೋಟರ್ ಸದ್ದಿನಲ್ಲಿ ಅವರು ತಲೆ ಎತ್ತಲೇ ಇಲ್ಲ. ಬೇರೆ ದಿನ ಅವರು ಅಲ್ಲಿ ಕೆಮ್ಮಿದರೂ ನನಗೆ ಇಲ್ಲಿ ಕೇಳಿಸುತ್ತದೆ. ಕೊನೆಗೆ ಓಡಿಹೋಗಿ ಭುಜ ಮುಟ್ಟಬೇಕಾಯಿತು.

ಆಗಷ್ಟೇ ಹಡಗುಗಳ ಗದ್ದಲದಿಂದ ತಿಮಿಂಗಿಲಗಳಿಗಾಗುವ ತೊಂದರೆಯ ಬಗ್ಗೆ ಓದುತ್ತಿದ್ದೆ. ಓದಿದ್ದು ಅವತ್ತು ಮೈಗೆ ತಾಗಿತು.

ಸಮುದ್ರದ ಆಳದಲ್ಲಿ ಬೆಳಕಿಲ್ಲ, ಕಿವಿಯೇ ಆಧಾರ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ. ನೀಲಿ ತಿಮಿಂಗಿಲದ್ದು ನಮ್ಮ ಕಿವಿಗೆ ಸರಿಯಾಗಿ ಸಿಗದಷ್ಟು ದಪ್ಪ ದನಿ. ನೂರಾರು ಕಿಲೋಮೀಟರ್ ಹೋಗಬಲ್ಲದು. ಹಡಗಿನ ಗದ್ದಲವೂ ಹೆಚ್ಚಾಗಿ ಅದೇ ದಪ್ಪ ದನಿಯದ್ದು. ಅಲ್ಲೇ ಇರೋದು ತೊಂದರೆ. ಪ್ರೊಪೆಲ್ಲರ್ ಜೋರಾಗಿ ತಿರುಗುವಾಗ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ, ಎದ್ದ ಕೂಡಲೇ ಒಡೆಯುತ್ತವೆ. ಹಡಗಿನ ಸದ್ದಿನಲ್ಲಿ ದೊಡ್ಡ ಪಾಲು ಈ ಗುಳ್ಳೆಗಳದ್ದೇ. ಈ ಗದ್ದಲ ಹಬ್ಬಿದಷ್ಟೂ ಒಂದು ತಿಮಿಂಗಿಲದ ಕೂಗು ಇನ್ನೊಂದಕ್ಕೆ ಮುಟ್ಟುವ ದೂರ ಕುಗ್ಗುತ್ತದೆ. ಅಟ್ಲಾಂಟಿಕ್ ಸಾಗರದ ಒಂದು ಜಾತಿಯ ತಿಮಿಂಗಿಲಗಳಾದ ರೈಟ್ ವೇಲ್‌ಗಳು ಆಗ ಇನ್ನೂ ಜೋರಾಗಿ ಕೂಗುತ್ತವಂತೆ. ಬಾಣೆಯಲ್ಲಿ ನಾನು ಮಾಡಿದ್ದೂ ಅದನ್ನೇ.

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ಉಗ್ರರ ದಾಳಿಯಾದ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಯಿತು. ನೀರಿನೊಳಗಿನ ಗದ್ದಲ 6 ಡೆಸಿಬಲ್ ಇಳಿಯಿತು. ಅಲ್ಲಿನ ರೈಟ್ ವೇಲ್‌ಗಳ ಲದ್ದಿಯನ್ನು ಪರೀಕ್ಷೆ ಮಾಡಿದಾಗ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು. ವಿಜ್ಞಾನಿ ರೋಸಲಿಂಡ್ ರೋಲಂಡ್ ಅವರ ತಂಡ 2012ರಲ್ಲಿ ಇದನ್ನು ಪ್ರಕಟಿಸಿತು. ಲದ್ದಿಯ ಮಾತು ನಮಗೇನೂ ಹೊಸದಲ್ಲ. ಬೆಳಿಗ್ಗೆ ತೋಟದಲ್ಲಿ ಲದ್ದಿ ಇನ್ನೂ ಬಿಸಿ ಇದೆಯಾ ಅಂತ ನೋಡಿಯೇ ಆನೆ ಎಷ್ಟು ಹೊತ್ತಿಗೆ ದಾಟಿತು ಅಂತ ಹೇಳುತ್ತೇವೆ, ಅಲ್ವಾ?

ಎಣ್ಣೆ ಚೆಲ್ಲಿದರೆ ವರ್ಷಗಟ್ಟಲೆ ಉಳಿಯುತ್ತದೆ. ಸದ್ದು ಹಾಗಲ್ಲ. ಅಪ್ಪ ಮೋಟರ್ ನಿಲ್ಲಿಸಿದ ಮರುಕ್ಷಣವೇ ಆಲದ ಮರದಿಂದ ಮಂಗಟ್ಟೆ ಹಕ್ಕಿ ಹಾರಿದ ರೆಕ್ಕೆಯ ಸದ್ದು ಕೇಳಿಸಿತು. ಅದು ಅಷ್ಟು ಹೊತ್ತೂ ಅಲ್ಲೇ ಇತ್ತು.

ಹಡಗುಗಳನ್ನು ನಿಲ್ಲಿಸಿ ಅಂತ ನಾನು ಹೇಳಲಾರೆ. ಆದರೆ ವೇಗ ಇಳಿಸಿದರೆ ಗುಳ್ಳೆ ಕಡಿಮೆ, ಗದ್ದಲವೂ ಕಡಿಮೆ. ಕೊಡಗಿನ ಕಾಫಿಯೂ ಮಂಗಳೂರಿನಲ್ಲಿ ಹಡಗು ಹತ್ತಿ ಅರಬ್ಬಿ ಸಮುದ್ರ ದಾಟುತ್ತದೆ. ನಮ್ಮ ತೋಟದ ಬೀಜ ಎರಡು ದಿನ ತಡವಾಗಿ ತಲುಪಲಿ. ನನಗೆ ಸ್ವಲ್ಪವೂ ಬೇಜಾರಿಲ್ಲ.