ಪಂಚಾಶತ್ತಮ ಹಬ್ಬದ ಹೊತ್ತಿಗೆ, ದೂರದ ಹಳ್ಳಿಗಳ ಸೇವೆಯನ್ನು ನೆನೆದು

ಯೇಸುವಿನ ಪುನರುತ್ಥಾನದ ಭಾನುವಾರದಿಂದ ಎಣಿಸಿದರೆ ಐವತ್ತನೆಯ ದಿನಕ್ಕೆ ಪಂಚಾಶತ್ತಮ (ಪೆಂಟೆಕೊಸ್ಟ್) ಹಬ್ಬ. ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರು ಸುಮಾರು 120 ಮಂದಿ ಪ್ರಾರ್ಥನೆಯಲ್ಲಿ ಕಾದಿದ್ದರು. ಪವಿತ್ರಾತ್ಮನು ಇಳಿದು ಬಂದಾಗ ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಐಗುಪ್ತದವರು, ಅರಬಿಯರು ಎಲ್ಲರೂ ತಂತಮ್ಮ ಹುಟ್ಟುಭಾಷೆಯಲ್ಲೇ ದೇವರ ಮಹತ್ಕಾರ್ಯಗಳನ್ನು ಕೇಳಿದರು. ಅಂದು ಒಂದೇ ದಿನ ಸುಮಾರು 3000 ಜನ ಸಭೆಗೆ ಸೇರಿದರು. ಹಬ್ಬದ ಆರಾಧನೆಯಲ್ಲಿ ಈ ಭಾಗ ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಸುವಾರ್ತೆ ಹೇಳಲು ಹಳ್ಳಿ ಸೇವೆಗೆ ಹೊರಡುವವರು ಸತ್ಯವೇದದ ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದ ಜೊತೆಗೇ 14ನೆಯ ಅಧ್ಯಾಯವನ್ನೂ ಓದಿಕೊಳ್ಳಬೇಕು.

ಇಂದಿನ ಟರ್ಕಿಯಲ್ಲಿದ್ದ ಲುಸ್ತ್ರ ಎಂಬ ಊರಿನಲ್ಲಿ ಅಪೊಸ್ತಲ ಪೌಲನು ಹುಟ್ಟುಕುಂಟನೊಬ್ಬನನ್ನು ಎಬ್ಬಿಸಿ ನಡೆಸಿದ. ದೇವತೆಗಳೇ ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆಂದು ಜನ ಲುಕವೋನ್ಯ ಭಾಷೆಯಲ್ಲಿ ಕೂಗಿಕೊಂಡರು. ಆ ಕೂಗಿನ ಅರ್ಥ ಪೌಲನಿಗೂ ಅವನ ಜೊತೆಗಾರ ಬಾರ್ನಬನಿಗೂ ಕೂಡಲೇ ತಿಳಿದಂತೆ ಕಾಣುವುದಿಲ್ಲ. ಪೂಜಾರಿ ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದು ಬಲಿಗೆ ಅಣಿಯಾದ ಮೇಲೆ ಅವರು ಬಟ್ಟೆ ಹರಿದುಕೊಂಡು ಜನರ ನಡುವೆ ಓಡಿದರು. ಯೆರೂಸಲೇಮಿನಲ್ಲಿ ಕ್ಷಣದಲ್ಲಿ ಕೊಟ್ಟ ಭಾಷೆಯ ವರವನ್ನು ದೇವರು ಲುಸ್ತ್ರದಲ್ಲಿ ಹಾಗೆ ಕೊಡಲಿಲ್ಲ. ಹೆಚ್ಚಿನ ಹಳ್ಳಿಗಳಲ್ಲಿ ಇಂದಿಗೂ ಕೊಡುವುದಿಲ್ಲ. ಅಲ್ಲಿ ಆ ವರ ಬರುವುದು ಕಲಿಕೆಯ ರೂಪದಲ್ಲಿ, ವರ್ಷಗಟ್ಟಲೆ ಕಿವಿಗೊಟ್ಟು ಕೂತವರಿಗೆ. ಹಾಗೆ ಬಂದದ್ದೂ ಅದೇ ಆತ್ಮನ ಕೆಲಸ ಎಂದು ನಂಬಿದವರು ಮಾತ್ರ ಈ ಸೇವೆಯಲ್ಲಿ ಬಾಳುತ್ತಾರೆ.

ಕಲಿಕೆ ಎಂದರೆ ವ್ಯಾಕರಣದ ಪುಸ್ತಕವಷ್ಟೇ ಅಲ್ಲ. ಸಂತೆಗೆ ಬಂದವರು ಆಡುವ ಮಾತು ಬೇರೆ, ಒಲೆಯ ಮುಂದೆ ತಾಯಿ ಮಗುವಿಗೆ ಹೇಳುವ ಮಾತು ಬೇರೆ. ಮೊದಲ ವರ್ಷ ಪ್ರಸಂಗಕ್ಕಿಂತ ಕಿವಿಗೆ ಕೆಲಸ ಹೆಚ್ಚಿರಬೇಕು. ದಿನಕ್ಕೆ ಐದಾರು ಹೊಸ ಮಾತು ಬರೆದುಕೊಂಡು, ಮರುದಿನ ಅವನ್ನೇ ಬಳಸಿ, ಮಕ್ಕಳ ಕೈಲಿ ತಿದ್ದಿಸಿಕೊಳ್ಳುವುದು ಒಳ್ಳೆಯ ರೂಢಿ. ಪಾಪ, ಕೃಪೆ, ಆತ್ಮ ಎಂಬಂಥ ಮಾತುಗಳಲ್ಲಿ ಅವಸರ ಸಲ್ಲದು. ನಾವು ಪಾಪ ಅಂದದ್ದು ಕೇಳುವವರಿಗೆ ಬರೀ ಮೈಲಿಗೆ ಎಂದು ಕೇಳಿಸಿದರೆ, ಶಿಲುಬೆಯ ಕಥೆಯೆಲ್ಲ ಸ್ನಾನ ಶುದ್ಧಿಯ ಕಥೆಯಾಗಿ ನಿಂತುಬಿಡುತ್ತದೆ. ಎಷ್ಟೋ ಕಡೆ ಹತ್ತು ವರ್ಷದ ಬೋಧನೆ ಹೀಗೆ ಪಕ್ಕಕ್ಕೆ ಸರಿದು ಹೋಗಿದೆ, ಹೇಳಿದವರಿಗೆ ಅದರ ಸುಳಿವೂ ಸಿಕ್ಕಿಲ್ಲ.

ಓದು ಬರದ ಹಳ್ಳಿಯಲ್ಲಿ ಪುಸ್ತಕ ಹಂಚಿದರೆ ಅದು ಮಾಡಿನ ಸಂದಿ ಸೇರುತ್ತದೆ. ಅಲ್ಲಿ ವಾಕ್ಯ ನಡೆಯಬೇಕಾದದ್ದು ಬಾಯಿಂದ ಬಾಯಿಗೆ. ಒಂದು ಭೇಟಿಗೆ ಒಂದೇ ಕಥೆ, ಹತ್ತು ನಿಮಿಷಕ್ಕೆ ಮೀರದಂತೆ. ಸತ್ಯವೇದದಲ್ಲಿ ಇಲ್ಲದ್ದನ್ನು ಸೇರಿಸದೆ ಎರಡು ಸಲ ಹೇಳಬೇಕು. ಆಮೇಲೆ ಕೂತವರಲ್ಲಿ ಒಬ್ಬರು ಅದನ್ನು ತಿರುಗಿ ಹೇಳಬೇಕು. ಅವರು ತಪ್ಪಿದ ಕಡೆ ಹೇಳುವವನು ಬಾಯಿ ಹಾಕದೆ ಉಳಿದವರನ್ನು ಕೇಳಿದರೆ ಅವರೇ ತಿದ್ದುತ್ತಾರೆ. ಅವರಿಗೂ ಹೊಳೆಯದಿದ್ದರೆ ಆ ಭಾಗ ಮತ್ತೊಮ್ಮೆ ಹೇಳಿದರಾಯಿತು. ಪ್ರಶ್ನೆಗಳು ಮೂರು ಸಾಕು: ಇದರಲ್ಲಿ ದೇವರು ಎಂಥವನು? ಮನುಷ್ಯ ಎಂಥವನು? ಮುಂದಿನ ಸಲ ಸೇರುವುದರೊಳಗೆ ಇದನ್ನು ಯಾರಿಗೆ ಹೇಳುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಬಿಟ್ಟರೆ ಉಳಿದ ಶ್ರಮಕ್ಕೆ ಅರ್ಧ ಫಲ. ಸೃಷ್ಟಿಯಿಂದ ಪುನರುತ್ಥಾನದವರೆಗೆ ಇಪ್ಪತ್ತೈದು ಮೂವತ್ತು ಕಥೆ ಆಯ್ದುಕೊಂಡು ಸಾಲಾಗಿ ನಡೆಸಿದರೆ, ಹದಿನೈದು ದಿನಕ್ಕೊಂದು ಭೇಟಿಯ ಲೆಕ್ಕದಲ್ಲಿ ಒಂದು ವರ್ಷ ದಾಟುತ್ತದೆ. ದಾಟಲಿ. ಆದಾಮನ ಕಥೆ ಕೇಳದವರಿಗೆ ಕಲ್ವಾರಿಯ ಶಿಲುಬೆಯ ಕಥೆ ತಲೆಬುಡವಿಲ್ಲದಂತೆ ಕೇಳಿಸುತ್ತದೆ.

ಸೋಲಾರ್ ಆಡಿಯೋ ಪ್ಲೇಯರ್ ಒಳ್ಳೆಯ ಸಹಾಯಕ. ಆದರೆ ಅದನ್ನು ಒಂದು ಮನೆಯ ಸ್ವತ್ತಾಗಿ ಬಿಟ್ಟರೆ ಆ ಮನೆಯ ಜಗಳವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಯಾರ ಮನೆಯಲ್ಲಿ ಯಾವ ವಾರ ಇರಬೇಕೆಂದು ಅವರೇ ಗೊತ್ತು ಮಾಡಲಿ. ಹಾಡುಗಳೂ ಅವರ ರಾಗದಲ್ಲೇ ಹುಟ್ಟಲಿ. ಪಟ್ಟಣದ ಕೀರ್ತನೆಯನ್ನು ಅವರು ಗೌರವದಿಂದ ಕೇಳುತ್ತಾರೆ. ಕಳೆ ಕೀಳುವಾಗ ಗುನುಗುವುದು ಮಾತ್ರ ತಮ್ಮ ರಾಗವನ್ನೇ.

ಕರ್ತನು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸಿದ. ಲೂಕನ 10ನೆಯ ಅಧ್ಯಾಯದ ಆ ಮಾತುಗಳಲ್ಲಿ ಹಳ್ಳಿ ಸೇವೆಯ ಪಾಠವೆಲ್ಲ ಇದೆ: ಮನೆಯಿಂದ ಮನೆಗೆ ಹೋಗುತ್ತಿರಬೇಡಿ, ಬಡಿಸಿದ್ದನ್ನು ಊಟಮಾಡಿ. ಉಳಿದುಕೊಂಡ ಮನೆ ಬಡವರದು ಎಂಬ ಕಾರಣಕ್ಕೆ ಮರುದಿನ ದೊಡ್ಡ ಮನೆಗೆ ಹೋದ ಸೇವಕನ ಮಾತನ್ನು ಆ ಕೇರಿ ಮತ್ತೆ ಕೇಳುವುದಿಲ್ಲ. ಬಿತ್ತನೆ, ಕೊಯ್ಲಿನ ವಾರಗಳಲ್ಲಿ ಕೂಟ ಇಡದೆ, ಹೊಲಕ್ಕೆ ಹೋಗಿ ಅವರ ಜೊತೆ ಬಗ್ಗಬೇಕು. ಹೆಂಗಸರ ಜೊತೆ ಕೂತು ಮಾತಾಡಲು ಹೆಂಗಸರೇ ಬೇಕು. ಇಲ್ಲದಿದ್ದರೆ ಊರಿನ ಅರ್ಧ ಜನಕ್ಕೆ ಸುವಾರ್ತೆ ಗೋಡೆಯಾಚೆಯಿಂದ ಕೇಳಿಸುವಷ್ಟೇ.

ಸ್ವಸ್ಥ ಮಾಡಿರಿ ಎಂಬ ಅಪ್ಪಣೆಯೂ ಅಲ್ಲೇ ಇದೆ. ಪ್ರಾರ್ಥನೆಯ ಜೊತೆಗೆ ಸೇವಕನಿಗೆ ಇದೂ ಬಾಯಿಪಾಠ ಇರಬೇಕು: ಭೇದಿಯಾದ ಮಗುವಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೇ ಅಪಾಯ, ಆದ್ದರಿಂದ ಕೈಯಂದಾಜು ಬೇಡ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಎರಡೂ ಕೂಡದು. ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಪ್ರಾರ್ಥಿಸುತ್ತಾ ಒಯ್ಯಿರಿ, ಪ್ರಾರ್ಥನೆ ಮುಗಿಯಲೆಂದು ಕಾಯಬೇಡಿ. ಔಷಧಿಯನ್ನು ಕೂಟಕ್ಕೆ ಬಂದವರಿಗೆಂದು ಎತ್ತಿಡುವುದು ಕರ್ತನ ರೀತಿಯಲ್ಲ. ಆತನು ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಮೈಗೆ ರೋಗ ಮರಳಿತೆಂದು ಎಲ್ಲೂ ಬರೆದಿಲ್ಲ.

ಕೆಲಸ ಹೆಚ್ಚಾಗಿ ಮುರಿಯುವುದು ಹಣದಲ್ಲಿ. ಅಕ್ಕಿ ಬಟ್ಟೆ ಹಂಚುವ ದಿನವೇ ಕೂಟ ಇಟ್ಟರೆ ಹಂಚಿಕೆ ನಿಂತ ದಿನ ಕೂಟವೂ ನಿಲ್ಲುತ್ತದೆ, ಆಮಿಷದ ಆಪಾದನೆಗೂ ನಾವೇ ಬಾಗಿಲು ತೆರೆದಂತಾಗುತ್ತದೆ. ಕಷ್ಟಕಾಲದ ನೆರವು ಇಡೀ ಊರಿಗೆ, ನಂಬಿದವರು ನಂಬದವರು ಎಂಬ ಭೇದವಿಲ್ಲದೆ, ಬೇರೆ ದಿನ, ಇಬ್ಬರ ಸಹಿ ಇರುವ ಲೆಕ್ಕದ ಪುಸ್ತಕದೊಂದಿಗೆ. ದೀಕ್ಷಾಸ್ನಾನ ಕೇಳಿಕೊಂಡು ಬಂದವರನ್ನೂ ಕೂರಿಸಿ, ಇದರಿಂದ ಸಾಲ ತೀರುವುದಿಲ್ಲ, ಕೆಲಸ ಸಿಗುವುದಿಲ್ಲ, ಮನೆಯವರು ಮುನಿಯಬಹುದು ಎಂದು ಬಿಡಿಸಿ ಹೇಳಬೇಕು. ಕೇಳಿಯೂ ಬರುತ್ತೇನೆಂದವರನ್ನು ಸಂತೋಷದಿಂದ ನೀರಿಗಿಳಿಸಿರಿ. ಹತ್ತು ಮನೆಯ ವಿಶ್ವಾಸಿಗಳಿಗೆ ಹೊರಗಿನ ಹಣದಲ್ಲಿ ದೊಡ್ಡ ಕಟ್ಟಡ ಕಟ್ಟಿಕೊಡುವುದೂ ಉಪಕಾರವಲ್ಲ. ಅದರ ಸುಣ್ಣ, ಹಂಚು, ಬೀಗಕ್ಕೂ ಮುಂದೆ ಹೊರಗಿನವರೇ ಬೇಕಾಗುತ್ತಾರೆ.

ಇನ್ನು ಸಂಖ್ಯೆಯ ಸಂಕಟ. ಕಳಿಸಿದ ಸಭೆ ವರದಿ ಕೇಳುತ್ತದೆ, ಬರೆಯಲು ಅಂಕಿ ಇರುವುದಿಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ; ಅವನ ಸೇವೆಯ ಮೊದಲ ಬಂಗಾಳಿ ವಿಶ್ವಾಸಿ, ಬಡಗಿ ಕೃಷ್ಣ ಪಾಲ್‌ನ ದೀಕ್ಷಾಸ್ನಾನವಾದದ್ದು 1800ರ ಡಿಸೆಂಬರಿನಲ್ಲಿ. ರಾಬರ್ಟ್ ಮಾರಿಸನ್ 1807ರಲ್ಲಿ ಚೀನಾ ತಲುಪಿ ಮೊದಲ ದೀಕ್ಷಾಸ್ನಾನಕ್ಕೆ 1814ರವರೆಗೆ ಕಾದ. ಅಡೋನಿರಾಮ್ ಜಡ್ಸನ್ 1813ರಲ್ಲಿ ಬರ್ಮಾ ಸೇರಿದ, ಮೊದಲ ದೀಕ್ಷಾಸ್ನಾನ 1819ರಲ್ಲಿ. ಅಷ್ಟು ವರ್ಷ ಇವರು ಊರಿಗೆ ಬರೆದ ಕಾಗದಗಳಲ್ಲಿ ಸಂಖ್ಯೆಯ ಜಾಗ ಖಾಲಿ. ಆ ವರ್ಷಗಳಲ್ಲೇ ಅವರು ಭಾಷೆ ಕಲಿತರು, ವಾಕ್ಯ ಅನುವಾದಿಸಿದರು. ಆರನೆಯ ತಿಂಗಳಿಗೆ ಫಲ ತೋರಿಸೆಂದು ಒತ್ತುವ ಸಭೆ ತನ್ನ ಸೇವಕನಿಗೆ ಸುಳ್ಳು ಬರೆಯುವ ಪ್ರಲೋಭನೆಯನ್ನು ಕಳಿಸಿಕೊಡುತ್ತಿದೆ. ಎಷ್ಟು ಮಂದಿ ಎಂದು ಕೇಳುವ ಬದಲು, ಈ ತಿಂಗಳು ನೀವು ಹೋಗದ ವಾರ ಅಲ್ಲಿ ಯಾರಾದರೂ ಕೂಡಿ ಪ್ರಾರ್ಥಿಸಿದರೇ ಎಂದು ಕೇಳಿ ನೋಡಲಿ.

ಆ ಪ್ರಶ್ನೆಗೆ ಹೌದೆಂಬ ಉತ್ತರ ಬಂದದ್ದೂ ಲುಸ್ತ್ರದಲ್ಲೇ. ಪೌಲನಿಗೆ ಕಲ್ಲೆಸೆದು, ಸತ್ತನೆಂದುಕೊಂಡು ಊರ ಹೊರಗೆ ಎಳೆದು ಹಾಕಿದರು. ಶಿಷ್ಯರು ಸುತ್ತ ನಿಂತಿರಲು ಅವನು ಎದ್ದು ಊರೊಳಕ್ಕೇ ಹೋದ; ಮರುದಿನ ದೆರ್ಬೆಗೆ ಹೊರಟ. ಅಲ್ಲಿಂದ ಅವನು ಅದೇ ಲುಸ್ತ್ರಕ್ಕೆ ಮರಳಿ ಬಂದು ಶಿಷ್ಯರನ್ನು ದೃಢಪಡಿಸಿದ, ಉಪವಾಸ ಪ್ರಾರ್ಥನೆ ಮಾಡಿ ಸಭೆಗಳಿಗೆ ಅವರಲ್ಲೇ ಹಿರಿಯರನ್ನು ನೇಮಿಸಿದ. ಇನ್ನೊಂದು ಪ್ರಯಾಣಕ್ಕೆ ಬಂದಾಗ ಅಲ್ಲಿ ತಿಮೊಥೆ ಸಿಕ್ಕಿದ. ಅಜ್ಜಿ ಲೋವಿ, ತಾಯಿ ಯೂನಿಕೆಯರ ನಂಬಿಕೆಯಲ್ಲಿ ಬೆಳೆದ ಹುಡುಗ, ಅಲ್ಲಿಯ ಸಹೋದರರಿಂದಲೇ ಒಳ್ಳೆಯ ಹೆಸರು ಪಡೆದವನು. ಕಲ್ಲೆಸೆದ ಊರಿನ ಒಂದು ಮನೆಯೊಳಗೆ ಇಬ್ಬರು ಹೆಂಗಸರು ಮಾಡಿದ ಕೆಲಸ ಅದು.

ಆದ್ದರಿಂದ ಬರಬೇಡಿ ಎಂದ ಊರಿನಿಂದ ಎದುರು ಮಾತಾಡದೆ ಹೊರಡಬೇಕು, ಆ ಊರಿನ ಹೆಸರನ್ನು ಪ್ರಾರ್ಥನೆಯ ಪಟ್ಟಿಯಿಂದ ತೆಗೆಯಬಾರದು. ಹೊಸ ವಿಶ್ವಾಸಿಗಳ ಫೋಟೋವನ್ನು ಮೊಬೈಲಿನಲ್ಲಿ ಹರಿಯಬಿಡಬೇಡಿ. ಸೇವಕ ಸಂಜೆ ಬಸ್ಸು ಹತ್ತುತ್ತಾನೆ, ಅದರ ಪೆಟ್ಟು ತಿನ್ನುವವರು ಅಲ್ಲೇ ಉಳಿದವರು.

ಸೇವಕರ ದಣಿವನ್ನು ನಂಬಿಕೆಯ ಕೊರತೆ ಎಂದು ಎಣಿಸುವವರು ಪೌಲನ ಪತ್ರಗಳನ್ನು ಮತ್ತೆ ಓದಲಿ. ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸಾಯುವ ಹಾಗಿದ್ದ. ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನೇ ಕೊನೆಗಾಲದಲ್ಲಿ ಪೌಲನಿಗೆ ಬೇಕಾದವನಾದ. ವಾರಕ್ಕೊಂದು ವಿಶ್ರಾಂತಿಯ ದಿನ, ಮಕ್ಕಳ ಶಾಲೆಯ ಏರ್ಪಾಡು, ಜ್ವರ ಬಂದರೆ ಬದಲಿಗೆ ಹೋಗುವ ಇನ್ನೊಬ್ಬರು, ಇಷ್ಟನ್ನು ಕಳಿಸುವ ಮುಂಚೆಯೇ ಸಭೆ ಗೊತ್ತುಮಾಡಬೇಕು. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯ ವಿಶ್ವಾಸಿಗಳು 1727ರಲ್ಲಿ ಗಂಟೆಗಂಟೆಗೆ ಸರದಿಯ ಪ್ರಾರ್ಥನೆ ಆರಂಭಿಸಿ, ಐದು ವರ್ಷದ ಮೇಲೆ, 1732ರಲ್ಲಿ, ಮೊದಲ ಇಬ್ಬರನ್ನು ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪಕ್ಕೆ ಕಳಿಸಿದರು. ಆ ಸರದಿ ನೂರು ವರ್ಷಕ್ಕೂ ಮೀರಿ ನಡೆಯಿತು.

ಯೇಸುವಿನ ಸ್ವರ್ಗಾರೋಹಣದ ಹಬ್ಬದಿಂದ ಪಂಚಾಶತ್ತಮಕ್ಕೆ ಹತ್ತು ದಿನ. ಈ ದಿನಗಳಲ್ಲಿ ಒಂದು ಸಭೆ ಒಂದು ಹಳ್ಳಿಯನ್ನು ಹಿಡಿದು ಪ್ರಾರ್ಥಿಸಬಹುದು: ಅಲ್ಲಿಯ ಭಾಷೆ ಸೇವಕನ ನಾಲಗೆಗೆ ಒಗ್ಗಲಿ ಎಂದು, ಅವನ ಹೆಂಡತಿಗೆ ಅಲ್ಲೊಬ್ಬಳು ಗೆಳತಿ ಸಿಗಲಿ ಎಂದು, ಮಳೆಗಾಲದ ಹಳ್ಳ ದಾಟುವಾಗ ಕಾಯಿ ತಂದೆಯೇ ಎಂದು, ಅಲ್ಲಿಯ ಒಬ್ಬಳು ಯೂನಿಕೆ ಈ ವಾರ ಕೇಳಿದ ಕಥೆಯನ್ನು ತನ್ನ ಮಗನಿಗೆ ತಪ್ಪಿಲ್ಲದೆ ಹೇಳಲಿ ಎಂದು.