ಹಳೇ ರಿಪೋರ್ಟ್ ಎಲ್ಲಿಟ್ಟಿದ್ದೀರಿ?

ಚೆಕಪ್ ಮಾಡಿಸಿಕೊಂಡು ಬಂದವರನ್ನು ಏನಾಯ್ತು ಅಂತ ಕೇಳಿ ನೋಡಿ. "ಎಲ್ಲಾ ನಾರ್ಮಲ್" ಅಂತಾರೆ. ಫೈಲು ಕಪಾಟಿಗೆ ಹೋಗುತ್ತದೆ. ಮುಂದಿನ ಸಲ ಬೇರೆ ಲ್ಯಾಬು, ಬೇರೆ ಫೈಲು, ಮತ್ತೆ ಎಲ್ಲಾ ನಾರ್ಮಲ್. ಹಳೇ ಹಾಳೆಯನ್ನು ಹೊಸದರ ಪಕ್ಕ ಇಟ್ಟು ಓದುವವರು ತೀರಾ ಕಡಿಮೆ. ಚೆಕಪ್ಪಿನ ಮುಕ್ಕಾಲು ಪ್ರಯೋಜನ ಅಲ್ಲೇ ಸೋರಿಹೋಗುತ್ತದೆ ಅನ್ನೋದು ನನ್ನ ಅಭಿಪ್ರಾಯ. ಮನುಷ್ಯರಿಗೂ ಅಷ್ಟೇ, ಸಾಕಿದ ಬೆಕ್ಕಿಗೂ ಅಷ್ಟೇ, ನಾನು ದಿನಾ ಮುಂದೆ ಕೂರುವ ತಕ್ಕಡಿಗೂ ಅಷ್ಟೇ.

ತಕ್ಕಡಿಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನನಗೆ ಈ ಬುದ್ಧಿ ಬಂದದ್ದು ಅಲ್ಲಿಂದ. ನನ್ನ ಕೆಲಸ ಅಳತೆಯ ಉಪಕರಣಗಳ ಜೊತೆ. ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ, ಪಿಎಚ್ ಮೀಟರ್, ಥರ್ಮಾಮೀಟರ್ ಇಂಥವು. ಇವು ಪೂರ್ತಿ ಕೆಟ್ಟುಹೋದರೆ ಚಿಂತೆಯಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಕಷ್ಟ ಇರುವುದು ಕೆಡದೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುವುದರಲ್ಲಿ. ಪರದೆ ಮೇಲೆ ಅಂಕಿ ನಾಲ್ಕು ದಶಮಾಂಶದವರೆಗೆ ಗಟ್ಟಿಯಾಗಿ ನಿಂತಿರುತ್ತದೆ, ಅದು ತಪ್ಪು ಅಂತ ಹೇಳೋರು ಯಾರೂ ಇರೋದಿಲ್ಲ. ಇದನ್ನು ನಾವು ಡ್ರಿಫ್ಟ್ ಅಂತೀವಿ. ಕೋಣೆಯ ಬಿಸಿ, ಧೂಳು, ಮೇಜಿನ ಒಂಚೂರು ಓರೆ, ಏನು ಬೇಕಾದರೂ ಕಾರಣ ಇರಬಹುದು. ತಕ್ಕಡಿಯನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎತ್ತಿಟ್ಟರೂ ಮತ್ತೆ ಪರೀಕ್ಷೆ ಮಾಡಬೇಕು. ದೂರದೂರಿಗೆ ಸಾಗಿಸಿದರಂತೂ ಕೇಳಲೇಬೇಡಿ. ಭೂಮಿ ವಸ್ತುಗಳನ್ನು ಎಳೆಯುವ ಬಲ, ಅಂದ್ರೆ ಗುರುತ್ವದ ಬೆಲೆ, ಸಮಭಾಜಕದ ಹತ್ತಿರ 9.78, ಧ್ರುವದ ಹತ್ತಿರ 9.83. ಸಮಭಾಜಕದಲ್ಲಿ ಸರಿಮಾಡಿದ ತಕ್ಕಡಿಯನ್ನು ಹಾಗೇ ಧ್ರುವಕ್ಕೆ ಒಯ್ದರೆ 1 ಕೆಜಿ ಬಟ್ಟು ಸುಮಾರು 5 ಗ್ರಾಂ ಜಾಸ್ತಿ ತೂಗುತ್ತದೆ. ತಕ್ಕಡಿ ಮಾತ್ರ ಆರೋಗ್ಯವಾಗೇ ಇರುತ್ತದೆ.

ಉಪಕರಣ ಸರಿಯಾಗಿ ತೋರಿಸ್ತಿದೆಯಾ ಅಂತ ಪರೀಕ್ಷಿಸಿ ಸರಿಮಾಡುವ ಕೆಲಸಕ್ಕೆ ಕ್ಯಾಲಿಬ್ರೇಶನ್ ಅಂತಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದ್ಧತಿ ಇದೆ. ಉಪಕರಣ ಬಂದ ತಕ್ಷಣ ಒಳ್ಳೆ ಟೆಕ್ನಿಷಿಯನ್ ಅದನ್ನು ಸರಿಮಾಡೋಕೆ ಹೋಗುವುದಿಲ್ಲ. ಬಂದ ಸ್ಥಿತಿಯಲ್ಲೇ ಒಮ್ಮೆ ಅಳೆದು ಬರೆದುಕೊಳ್ಳುತ್ತಾರೆ. ಆಮೇಲೆ ಸರಿಮಾಡಿ, ಮತ್ತೆ ಅಳೆದು, ಇನ್ನೊಂದು ಸಾಲು ಬರೆಯುತ್ತಾರೆ. ಮೊದಲ ಸಾಲು ಬರೆಯದೆ ನೇರವಾಗಿ ತಿರುಪು ತಿರುಗಿಸಿದರೆ, ಹೋದ ವರ್ಷವಿಡೀ ಆ ತಕ್ಕಡಿಯಲ್ಲಿ ತೂಗಿದ್ದು ಸರಿಯಿತ್ತೋ ಇಲ್ಲವೋ ಅಂತ ಇನ್ನು ಯಾರಿಗೂ ಗೊತ್ತಾಗೋದಿಲ್ಲ. ಎಷ್ಟೋ ಜನ ಪರೀಕ್ಷೆ ಪಾಸಾಯ್ತು ಅಂತ ಅಂಟಿಸುವ ಹಸಿರು ಸ್ಟಿಕ್ಕರ್ ಮಾತ್ರ ನೋಡಿ ಖುಷಿಪಡುತ್ತಾರೆ. ನಾನು ಮೊದಲ ಸಾಲು ಹುಡುಕುತ್ತೇನೆ.

ಅಳತೆಯ ಮೂಲವೇ ಸರಿದುಹೋದರೆ? ಹಾಗೂ ಆಗಿದೆ. 1889ರಿಂದ ಪ್ಯಾರಿಸ್ ಹತ್ತಿರ ಗಾಜಿನ ಮುಚ್ಚಳಗಳ ಕೆಳಗೆ ಒಂದು ಪ್ಲಾಟಿನಂ-ಇರಿಡಿಯಂ ಸಿಲಿಂಡರ್ ಇಟ್ಟು, ಇದೇ ಕಿಲೋಗ್ರಾಂ ಅಂದರು. ಸುಮಾರು ನೂರು ವರ್ಷದ ಮೇಲೆ ಅದನ್ನು ಅದರ ಪ್ರತಿಗಳ ಜೊತೆ ಹೋಲಿಸಿದಾಗ 50 ಮೈಕ್ರೋಗ್ರಾಂನಷ್ಟು ವ್ಯತ್ಯಾಸ ಕಂಡಿತು. ಪ್ರತಿಗಳು ಭಾರ ಆದವೋ, ಮೂಲವೇ ಹಗುರ ಆಯಿತೋ? ಹೇಳೋಕೆ ದಾರಿಯೇ ಇರಲಿಲ್ಲ, ಯಾಕಂದ್ರೆ ನಿಯಮದ ಪ್ರಕಾರ ಆ ಸಿಲಿಂಡರ್ ಎಷ್ಟಿದೆಯೋ ಅಷ್ಟೇ ಒಂದು ಕಿಲೋಗ್ರಾಂ. 2019ರ ಮೇ 20ರಿಂದ ಕಿಲೋಗ್ರಾಂ ಅನ್ನು ಪ್ಲಾಂಕ್ ಸ್ಥಿರಾಂಕ ಅನ್ನುವ, ಪ್ರಕೃತಿಯಲ್ಲಿ ಬದಲಾಗದ ಒಂದು ಬೆಲೆಯ ಮೇಲೆ ನಿಲ್ಲಿಸಿದ್ದಾರೆ. ಈ ವಿಷಯಕ್ಕೆ ನೇರ ಸಂಬಂಧ ಇಲ್ಲ, ಆದರೆ ನನಗೆ ಹೇಳದೆ ಇರೋಕೆ ಆಗಲ್ಲ.

ಈಗ ಮನುಷ್ಯರ ವಿಷಯಕ್ಕೆ ಬರೋಣ. ರಿಪೋರ್ಟಿನಲ್ಲಿ ಬಲಗಡೆ "ನಾರ್ಮಲ್ ರೇಂಜ್" ಅಂತ ಇರುತ್ತಲ್ವಾ, ಅದನ್ನು ಸಾಮಾನ್ಯವಾಗಿ ಹೇಗೆ ಮಾಡ್ತಾರೆ ಅಂದ್ರೆ, ಆರೋಗ್ಯವಂತರನ್ನು ಅಳೆದು ನಡುವಿನ 95 ಪರ್ಸೆಂಟ್ ಜನ ಎಲ್ಲಿಂದ ಎಲ್ಲಿವರೆಗೆ ಬರ್ತಾರೋ ಅಷ್ಟನ್ನು ಗೆರೆ ಹಾಕ್ತಾರೆ. ಅಂದ್ರೆ ಏನೂ ತೊಂದರೆ ಇಲ್ಲದ 20 ಜನರಲ್ಲಿ ಒಬ್ಬರು ಗೆರೆಯ ಹೊರಗೆ ಇದ್ದೇ ಇರ್ತಾರೆ. ಒಬ್ಬರೇ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದರೆ, ಪೂರ್ತಿ ಗಟ್ಟಿಮುಟ್ಟಾಗಿದ್ದರೂ, ಕಡೇಪಕ್ಷ ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ 64 ಪರ್ಸೆಂಟ್. ಲೆಕ್ಕ ಹಾಕಿ ನೋಡಿ, 20 ಸಲ 0.95 ಬರೆದು ಒಂದಕ್ಕೊಂದು ಗುಣಿಸಿದರೆ 0.36 ಬರುತ್ತದೆ, ಅದು ಎಲ್ಲವೂ ನಾರ್ಮಲ್ ಬರುವ ಸಾಧ್ಯತೆ.

ಇದರ ಇನ್ನೊಂದು ಮಗ್ಗುಲು ಜಾಸ್ತಿ ಅಪಾಯದ್ದು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಕೆಲವು ವರ್ಷದ ಹಿಂದೆ 0.7 ಇತ್ತು, ಈಗ 1.1 ಆಗಿದೆ ಅಂತಿಟ್ಟುಕೊಳ್ಳಿ. ಗಂಡಸರಲ್ಲಿ ಸಾಧಾರಣವಾಗಿ ಎರಡೂ ನಾರ್ಮಲ್. ಕೆಂಪು ಅಕ್ಷರ ಇಲ್ಲ, ನಕ್ಷತ್ರ ಇಲ್ಲ. ಆದರೆ ಒಬ್ಬರದೇ ಅಂಕಿ 0.7ರಿಂದ 1.1ಕ್ಕೆ ಏರಿದೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ, ಡಾಕ್ಟರ್ ಒಮ್ಮೆ ನೋಡಲೇಬೇಕಾದ ಬದಲಾವಣೆ. ಹಳೇ ಹಾಳೆ ಇಲ್ಲದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಅದಕ್ಕೇ ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ ಅನ್ನೋದು. ವಿಧಾನ ಬೇರೆಯಾದರೆ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದೆ, ಬದಲಾದದ್ದು ದೇಹವೋ ಯಂತ್ರವೋ ಅಂತ ಗೊಂದಲ ಶುರುವಾಗುತ್ತದೆ. ಹಿಂದಿನದನ್ನೂ ಸೇರಿಸಿ ನೋಡಬೇಕು ಅನ್ನುವ ಕಾರಣಕ್ಕೇ ನನಗೆ ಎಚ್‌ಬಿಎ1ಸಿ ಅನ್ನುವ ಶುಗರ್ ಟೆಸ್ಟ್ ಇಷ್ಟ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಆ ಒಂದು ಅಂಕಿಯೊಳಗೆ ಹಿಂದಿನ ಎರಡು ಮೂರು ತಿಂಗಳ ಶುಗರ್ ಕೂತಿರುತ್ತದೆ. ಟೆಸ್ಟಿನ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಅದನ್ನು ಏಮಾರಿಸೋಕೆ ಆಗಲ್ಲ.

ಹಾಗಂತ ಸಿಕ್ಕಿದ್ದನ್ನೆಲ್ಲ ಅಳೀತಾ ಹೋಗಬೇಕಾ? ಬೇಡ. ತಲೆಯಿಂದ ಪಾದದವರೆಗೆ ಎಲ್ಲ ಸೇರಿಸಿದ ಪ್ಯಾಕೇಜುಗಳ ಬಗ್ಗೆ ನನಗೆ ಒಲವಿಲ್ಲ. ಸುಮ್ನೆ ಹೇಳ್ತಿಲ್ಲ. ಸಾಮಾನ್ಯ ಹೆಲ್ತ್ ಚೆಕಪ್‌ಗಳ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವರದಿ 2012ರಲ್ಲಿ ಬಂತು, 2019ರಲ್ಲಿ ಪರಿಷ್ಕೃತವಾಯಿತು. ಇಂಥ ಚೆಕಪ್‌ಗಳಿಂದ ಸಾವಿನ ಪ್ರಮಾಣ ಇಳಿದಂತೆ ಅದರಲ್ಲಿ ಕಾಣಲಿಲ್ಲ. ದಕ್ಷಿಣ ಕೊರಿಯಾದ ಕಥೆ ಇನ್ನೂ ವಿಚಿತ್ರ. ಅಲ್ಲಿ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ದೊಡ್ಡ ಕಾರ್ಯಕ್ರಮ ಶುರುವಾದ ಮೇಲೆ, ಜೊತೆಗೊಂದು ಇರಲಿ ಅಂತ ಥೈರಾಯ್ಡ್ ಸ್ಕ್ಯಾನ್ ಕೂಡ ಮಾಡಿಸಿಕೊಳ್ಳೋದು ರೂಢಿಯಾಯ್ತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸುಮ್ಮನಿದ್ದಿದ್ದರೆ ಜೀವಮಾನದಲ್ಲಿ ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳನ್ನು ಹುಡುಕಿ, ಕೊಯ್ದು, ಎಷ್ಟೋ ಜನ ಜೀವನವಿಡೀ ಮಾತ್ರೆ ನುಂಗುವಂತಾಯ್ತು.

ಯಂತ್ರಗಳಲ್ಲೂ ಇದೇ ಕಥೆ ಇದೆ ಅನ್ನೋದು ನನಗೆ ಮಜಾ ಅನ್ನಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ಕಾಯುವ ವಿಮಾನಗಳಿಗೆ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಇತ್ತು. ಕಾನ್ರಾಡ್ ವಾಡಿಂಗ್ಟನ್ ಅನ್ನುವ ಜೀವವಿಜ್ಞಾನಿಯ ತಂಡ ದಾಖಲೆ ಕೆದಕಿದಾಗ, ಅನಿರೀಕ್ಷಿತ ರಿಪೇರಿಗಳು ತಪಾಸಣೆ ಮುಗಿದ ಬೆನ್ನಿಗೇ ಜಾಸ್ತಿ ಆಗುತ್ತಿದ್ದವು, ಆಮೇಲೆ ನಿಧಾನಕ್ಕೆ ಕಮ್ಮಿ ಆಗುತ್ತಿದ್ದವು. ಚೆನ್ನಾಗಿ ನಡೀತಿದ್ದದ್ದನ್ನು ಬಿಚ್ಚಿ ಕೂಡಿಸುವುದರಲ್ಲೇ ಹೊಸ ತೊಂದರೆ ಹುಟ್ಟುತ್ತಿತ್ತು. ಹಾಗಾಗಿ ನಾನು ಯಾವುದೇ ಚೆಕಪ್ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ: ಫಲಿತಾಂಶ ಕೆಟ್ಟದಾಗಿ ಬಂದರೆ ನಾವು ಏನನ್ನಾದರೂ ಬೇರೆ ರೀತಿ ಮಾಡ್ತೀವಾ? ಬಿಪಿ, ಶುಗರ್, ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಇವಕ್ಕೆಲ್ಲ ಉತ್ತರ ಹೌದು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾಗೂ ಹೌದು, ಅದರಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ಅಂಚಿನ ನೋಟ, ಗೊತ್ತಾಗುವಷ್ಟರಲ್ಲಿ ಹೋದದ್ದು ವಾಪಸ್ ಬರೋದಿಲ್ಲ. ಮನೆಯಲ್ಲಿ ಯಾರಿಗಾದರೂ ಇದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋದನ್ನು ಮುಂದೂಡಬೇಡಿ.

ಬೆಕ್ಕಿನ ಚೆಕಪ್ ಮಾತ್ರ ಬೇರೆಯೇ ಲೋಕ. ಬೆಕ್ಕು ನೋವನ್ನು ಬಚ್ಚಿಡುತ್ತದೆ. ಎಷ್ಟು ಚೆನ್ನಾಗಿ ಅಂದ್ರೆ, ಪಕ್ಕದಲ್ಲೇ ಮಲಗುವವರಿಗೂ ಗೊತ್ತಾಗೋದಿಲ್ಲ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ತುಂಬಾ ಸಾಮಾನ್ಯ, ಆದರೆ ಕಿಡ್ನಿಯ ಮುಕ್ಕಾಲು ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಗೆರೆ ದಾಟದೆ ಇರಬಹುದು. ಅದಕ್ಕೂ ಮೊದಲೇ ಸುಳಿವು ಕೊಡುವುದು ತೂಕ. 4 ಕೆಜಿಯ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು 60 ಕೆಜಿ ಮನುಷ್ಯ 6 ಕೆಜಿ ಇಳಿದಷ್ಟೇ ಆಯ್ತು. ಚೆನ್ನಾಗಿ ತಿಂದೂ ಇಳೀತಿದ್ದರೆ ಥೈರಾಯ್ಡ್ ಜಾಸ್ತಿ ಆಗಿರಬಹುದು. ಮಗುವಿನ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ, ಅಷ್ಟೇ ಸಾಕು. ಇನ್ನೊಂದು, ನಾಯಿ ಬೆಕ್ಕು ಎರಡಕ್ಕೂ: ಗಾಢ ನಿದ್ದೆಯಲ್ಲಿ ಇದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಣಿಸಿ. 30ರ ಒಳಗಿರಬೇಕು. ಮೇಲೇರುತ್ತಾ ಹೋದರೆ, ಮುಖ್ಯವಾಗಿ ಹೃದಯದ ತೊಂದರೆ ಇರುವ ಪ್ರಾಣಿಯಲ್ಲಿ, ವೆಟ್‌ಗೆ ಅವತ್ತೇ ಫೋನ್ ಮಾಡಬೇಕು. ವಯಸ್ಸಾದ ಪ್ರಾಣಿಗಳನ್ನು ಆರು ತಿಂಗಳಿಗೊಮ್ಮೆ ತೋರಿಸಿ ಅನ್ನೋದರಲ್ಲಿ ಅರ್ಥ ಇದೆ, ಅವುಗಳ ಒಂದು ವರ್ಷ ನಮ್ಮ ಒಂದು ವರ್ಷಕ್ಕಿಂತ ತುಂಬಾ ದೊಡ್ಡದು. ಹಾಂ, ಬೆಕ್ಕನ್ನು ಒಯ್ಯುವ ಬುಟ್ಟಿಯನ್ನು ವೆಟ್ ದಿನ ಮಾತ್ರ ಹೊರಗೆ ತೆಗೀಬೇಡಿ, ನೋಡಿದ ಕೂಡಲೇ ಹೆದರುತ್ತದೆ. ವರ್ಷವಿಡೀ ಮನೆಯಲ್ಲಿ ಬಾಗಿಲು ತೆರೆದು ಬಿದ್ದಿರಲಿ.

ಹೆದರಿದ ಬೆಕ್ಕಿನ ಬಿಪಿ ಏರುತ್ತದೆ, ಹೆದರಿದ ಮನುಷ್ಯನದೂ ಏರುತ್ತದೆ. ಕ್ಲಿನಿಕ್ಕಿನಲ್ಲಿ ಮಾತ್ರ ಬಿಪಿ ಜಾಸ್ತಿ ಇರುವವರು ತುಂಬಾ ಜನ. ಉಲ್ಟಾನೂ ಇದೆ, ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಅದಕ್ಕೇ ಮನೆಯಲ್ಲಿ ಅಳೆಯೋದು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲದ ಮೇಲಿಟ್ಟು, ತೋಳು ಎದೆಯ ಮಟ್ಟದಲ್ಲಿ ಇಟ್ಟುಕೊಂಡು, ಮಾತಾಡದೆ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದೂ ಏರಿಸುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯಿರಿ. ಹೊಸ ಮಾತ್ರೆ ಶುರುಮಾಡುವ ಮುಂಚಿನ ಒಂದು ವಾರದ ರೀಡಿಂಗ್ ಇದ್ದರೆ ಚಿನ್ನ, ಅದೇ ನಿಮ್ಮ ಮೊದಲ ಸಾಲು. ಆದರೆ ಬಿಪಿ ತುಂಬಾ ಜಾಸ್ತಿ ಇದ್ದು ಡಾಕ್ಟರ್ ಈಗಲೇ ಮಾತ್ರೆ ತಗೊಳ್ಳಿ ಅಂದರೆ ರೀಡಿಂಗಿಗೋಸ್ಕರ ಕಾಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಆ ಬಿಪಿ ಯಂತ್ರವನ್ನು ಯಾರು ಪರೀಕ್ಷೆ ಮಾಡಿದ್ದಾರೆ? ಹೆಚ್ಚಿನ ಮನೆಗಳಲ್ಲಿ ಯಾರೂ ಇಲ್ಲ. ವರ್ಷಕ್ಕೊಮ್ಮೆ ಅದನ್ನು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಅವರ ಯಂತ್ರದಲ್ಲಿ ಒಮ್ಮೆ, ನಿಮ್ಮದರಲ್ಲಿ ಒಮ್ಮೆ, ಅದೇ ತೋಳಿಗೆ, ಎರಡು ಮೂರು ಸಲ ಅದಲು ಬದಲು ಮಾಡಿ ಅಳೆಸಿ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಲೇ ಇದ್ದರೆ ಮೊದಲು ತೋಳಿಗೆ ಸುತ್ತುವ ಪಟ್ಟಿಯ ಅಳತೆ ನೋಡಿ. ತೋಳಿಗೆ ಬಿಗಿಯಾಗುವ ಸಣ್ಣ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಪಟ್ಟಿ ಸರಿಯಿದ್ದೂ ವ್ಯತ್ಯಾಸ ಹಾಗೇ ಇದ್ದರೆ ಯಂತ್ರ ಬದಲಾಯಿಸಿ. ಹಳೇ ಯಂತ್ರದ ಕೊನೆಯ ರೀಡಿಂಗ್ ಮತ್ತು ಹೊಸದರ ಮೊದಲ ರೀಡಿಂಗ್ ಒಂದೇ ದಿನ ತಗೊಂಡು, ಯಾವುದು ಯಾವುದರದ್ದು ಅಂತ ಪಕ್ಕದಲ್ಲಿ ಬರೆದಿಡಿ.